ಓಟಗಾರನ ಉಗುರು

ಓಟದ ಪಂದ್ಯವನ್ನು ನೋಡಲು ನೆರೆದವರ ದೃಷ್ಟಿಯೆಲ್ಲ ಓಟಗಾರನ ಮುಖದ ಮೇಲಿರುತ್ತದೆ. ಅವನ ಎದೆಯ ಏರಿಳಿತ, ತೋಳುಗಳ ಬೀಸು, ಗುರಿಯ ಗೆರೆಯನ್ನು ಮುಟ್ಟುವ ಕ್ಷಣದ ಉದ್ವೇಗ ಇವನ್ನು ಕಂಡು ಜನರು ಹರ್ಷಧ್ವನಿ ಮಾಡುತ್ತಾರೆ. ಸ್ವಲ್ಪ ತಿಳಿದವರಾದರೆ ಅವನ ತೊಡೆಯ ಸ್ನಾಯುಗಳನ್ನೂ ಮೀನಖಂಡವನ್ನೂ ಗಮನಿಸಿಯಾರು. ಆದರೆ ಬೂಟಿನ ಕತ್ತಲೆಯೊಳಗೆ, ಕಾಲ್ಬೆರಳ ತುದಿಯಲ್ಲಿ ಅಡಗಿರುವ ಉಗುರನ್ನು ನೆನೆಯುವವರು ವಿರಳ. ಓಟಗಾರನು ಸಹ ಅದನ್ನು ನೆನೆಯುವುದು ಅದು ನೋಯತೊಡಗಿದ ಮೇಲೆಯೇ. ಇಷ್ಟು ಅಲ್ಪವಾದ ಅಂಗವೊಂದು ದೃಢಕಾಯನಾದ ಓಟಗಾರನನ್ನು ಹೇಗೆ ತಡೆದು ನಿಲ್ಲಿಸಬಲ್ಲದು ಎಂಬುದನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಕಣ್ಣಾರೆ ಕಂಡೆ.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಓಟಗಾರನಿದ್ದ. ತನ್ನ ಹಳ್ಳಿಯಿಂದ ಶಾಲೆಗಿದ್ದ ನಾಲ್ಕು ಕಿಲೋಮೀಟರ್ ದಾರಿಯನ್ನು ಅವನು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿಯೇ ಓಡಿ 3000 ಮೀಟರ್ ಓಟದಲ್ಲಿ ಮೊದಲಿಗನಾದ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗುವವನು ಬರಿಗಾಲಿನಲ್ಲಿ ಹೋಗಬಾರದೆಂದು ಊರಿನ ಹಿರಿಯರೊಬ್ಬರು ತಮ್ಮ ಮಗನ ಬೂಟುಗಳನ್ನು ಪ್ರೀತಿಯಿಂದ ಕೊಟ್ಟರು. ಅವು ಅವನ ಪಾದಕ್ಕಿಂತ ಒಂದು ಅಳತೆ ಚಿಕ್ಕವಾಗಿದ್ದವು. ಕೊಟ್ಟವರ ಮನಸ್ಸು ನೋಯಬಾರದೆಂದು ಅವನು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಎರಡು ವಾರಗಳ ಕಾಲ ಅದೇ ಬೂಟುಗಳನ್ನು ತೊಟ್ಟು ಅಭ್ಯಾಸ ಮಾಡಿದ. ಬಲಗಾಲಿನ ಹೆಬ್ಬೆರಳ ಉಗುರು ಮೊದಲು ಕೆಂಪಾಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಕಪ್ಪಾಯಿತು. ತಂಡದಿಂದ ತನ್ನನ್ನು ಕೈಬಿಟ್ಟಾರೆಂಬ ಭಯದಿಂದ ಅದನ್ನೂ ಮುಚ್ಚಿಟ್ಟ. ಜಿಲ್ಲಾ ಪಂದ್ಯದ ದಿನ ನಾಲ್ಕನೆಯ ಸುತ್ತಿನಲ್ಲಿ ಅವನು ಕುಂಟತೊಡಗಿದ. ಐದನೆಯ ಸುತ್ತಿನಲ್ಲಿ ಓಟದ ಪಥದಿಂದ ಹೊರಗೆ ಬಂದು ಹುಲ್ಲಿನ ಮೇಲೆ ಕುಳಿತುಬಿಟ್ಟ. ವ್ಯಾಯಾಮ ಶಿಕ್ಷಕರು ಬೂಟನ್ನು ಬಿಚ್ಚಿ ನೋಡಿದಾಗ ಕಾಲುಚೀಲದ ತುದಿ ರಕ್ತದಿಂದ ತೊಯ್ದಿತ್ತು.

ಅವನ ಬೆರಳಿನ ಮೇಲೆ ಕಲ್ಲು ಬಿದ್ದಿರಲಿಲ್ಲ. ಯಾರೂ ಅವನ ಕಾಲನ್ನು ತುಳಿದಿರಲಿಲ್ಲ. ಅವನು ಎಲ್ಲಿಯೂ ಎಡವಿರಲಿಲ್ಲ. ಹಾಗಾದರೆ ಉಗುರಿಗೆ ಈ ಗತಿ ಬಂದುದು ಹೇಗೆ? ಇದನ್ನು ತಿಳಿಯಬೇಕಾದರೆ ಉಗುರು ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು.

ಹಸುವಿನ ಕೊಂಬು, ಕುದುರೆಯ ಗೊರಸು, ಹಕ್ಕಿಯ ಗರಿ, ಮನುಷ್ಯನ ಕೂದಲು ಇವುಗಳ ಬಂಧುವರ್ಗಕ್ಕೆ ಸೇರಿದ್ದು ಉಗುರು. ಇವೆಲ್ಲವೂ ಕೆರಟಿನ್ ಎಂಬ ಗಡುಸಾದ ಪ್ರೋಟೀನಿನಿಂದ ಆದವು. ನಮ್ಮ ಕಣ್ಣಿಗೆ ಕಾಣುವ ಉಗುರು ನಿರ್ಜೀವ ಕೋಶಗಳು ಒತ್ತಾಗಿ ಸೇರಿ ಆದ ಒಂದು ಫಲಕ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಆದುದರಿಂದಲೇ ಉಗುರನ್ನು ಕತ್ತರಿಸಿದರೆ ನಮಗೆ ನೋವಾಗುವುದಿಲ್ಲ. ಆದರೆ ಈ ನಿರ್ಜೀವ ಫಲಕವು ಅತ್ಯಂತ ಸಜೀವವಾದ ನೆಲೆಯೊಂದರ ಮೇಲೆ ಕುಳಿತಿದೆ. ಉಗುರಿನ ಹಿಂಭಾಗದಲ್ಲಿ, ಚರ್ಮದ ಮಡಿಕೆಯ ಕೆಳಗೆ, ಉಗುರಿನ ಬುಡವಿದೆ. ಹೊಸ ಕೋಶಗಳು ಹುಟ್ಟುವುದು ಅಲ್ಲಿ. ಅವು ಹುಟ್ಟುತ್ತ ಹುಟ್ಟುತ್ತ ಹಿಂದಿನವನ್ನು ಮುಂದಕ್ಕೆ ತಳ್ಳುತ್ತವೆ. ತಳ್ಳಲ್ಪಟ್ಟವು ಗಡುಸಾಗಿ, ಜೀವ ಕಳೆದುಕೊಂಡು, ಉಗುರಾಗುತ್ತವೆ. ಹೆಬ್ಬೆರಳ ಉಗುರಿನ ಹಿಂಭಾಗದಲ್ಲಿ ಬೆಳ್ಳಗೆ ಕಾಣುವ ಅರ್ಧಚಂದ್ರಾಕೃತಿಯು ಈ ಬುಡದ ಹೊರಕ್ಕೆ ಕಾಣುವ ಅಂಚು.

ಉಗುರಿನ ಕೆಳಗಿರುವ ಮೆತ್ತನೆಯ ಭಾಗಕ್ಕೆ ಉಗುರಿನ ಹಾಸು ಎನ್ನಬಹುದು. ಅದರಲ್ಲಿ ಸೂಕ್ಷ್ಮವಾದ ರಕ್ತನಾಳಗಳೂ ನರಗಳೂ ದಟ್ಟವಾಗಿವೆ. ಉಗುರಿಗೆ ನಸುಗೆಂಪು ಬಣ್ಣ ಬಂದಿರುವುದು ಈ ನಾಳಗಳ ರಕ್ತದಿಂದ. ಹಾಸಿನ ಕೆಳಗೆ ಬೆರಳಿನ ಕೊನೆಯ ಮೂಳೆ ಇದೆ. ಶರೀರದ ಬೇರೆ ಭಾಗಗಳಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಕೊಬ್ಬಿನ ಪದರವಿದ್ದು, ಪೆಟ್ಟು ಬಿದ್ದಾಗ ಅದು ಮೆತ್ತೆಯಂತೆ ಕೆಲಸ ಮಾಡುತ್ತದೆ. ಇಲ್ಲಿ ಅಂಥ ಮೆತ್ತೆ ಇಲ್ಲವೆಂದೇ ಹೇಳಬೇಕು. ಮೇಲೆ ಗಡುಸಾದ ಉಗುರು, ಕೆಳಗೆ ಇನ್ನೂ ಗಡುಸಾದ ಮೂಳೆ, ಇವೆರಡರ ನಡುವೆ ಸಿಕ್ಕಿಕೊಂಡ ತೆಳುವಾದ ಹಾಸು. ಬೀಸುವ ಕಲ್ಲಿನ ಎರಡು ಬಿಲ್ಲೆಗಳ ನಡುವೆ ಸಿಕ್ಕಿದ ಕಾಳಿನಂತೆ ಅದರ ಸ್ಥಿತಿ.

ಇನ್ನು ಓಟದ ಕಡೆಗೆ ಬರೋಣ. ನಡೆಯುವಾಗ ಯಾವಾಗಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಡುವಾಗ ಹಾಗಲ್ಲ, ಪ್ರತಿ ಹೆಜ್ಜೆಯಲ್ಲಿಯೂ ಎರಡೂ ಪಾದಗಳು ನೆಲವನ್ನು ಬಿಟ್ಟಿರುವ ಕ್ಷಣವೊಂದಿದೆ. ಆಮೇಲೆ ಇಡೀ ದೇಹವು ಒಂದೇ ಪಾದದ ಮೇಲೆ ಬಂದಿಳಿಯುತ್ತದೆ. ಆಗ ಆ ಪಾದದ ಮೇಲೆ ಬೀಳುವ ಬಲವು ದೇಹದ ತೂಕದ ಎರಡು ಮೂರು ಪಟ್ಟಿನಷ್ಟಿರುತ್ತದೆ. ಬೂಟು ನೆಲಕ್ಕೆ ತಾಗಿ ನಿಂತರೂ ಅದರೊಳಗಿನ ಪಾದವು ತಾನು ಬಂದ ವೇಗದಿಂದ ಮುಂದಕ್ಕೆ ಜಾರಲು ಯತ್ನಿಸುತ್ತದೆ. ವೇಗವಾಗಿ ಹೋಗುತ್ತಿರುವ ಬಸ್ಸು ತಟ್ಟನೆ ನಿಂತಾಗ ಒಳಗಿನ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದಿಲ್ಲವೆ? ಬೂಟಿನೊಳಗೆ ನಡೆಯುವುದೂ ಅದೇ ಜಡತ್ವದ ನಿಯಮ. ಬೂಟಿನ ಮುಂಭಾಗದಲ್ಲಿ ಅವಕಾಶವಿಲ್ಲದಿದ್ದರೆ ಬೆರಳ ತುದಿಯೂ ಉಗುರೂ ಅದರ ಗೋಡೆಗೆ ಹೋಗಿ ತಾಗುತ್ತವೆ.

ಒಂದು ಬಾರಿ ತಾಗಿದರೆ ಅದು ಅರಿವಿಗೇ ಬರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹೆಜ್ಜೆಯೊಂದಕ್ಕೆ ಸುಮಾರು ಒಂದು ಮೀಟರ್ ಎಂದು ಇಟ್ಟುಕೊಂಡರೆ ಐದು ಕಿಲೋಮೀಟರ್ ಓಟದಲ್ಲಿ ಐದು ಸಾವಿರ ಹೆಜ್ಜೆಗಳು. ಒಂದೊಂದು ಪಾದದ ಪಾಲಿಗೆ ಎರಡೂವರೆ ಸಾವಿರ. ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್, ಅದರಲ್ಲಿ ಒಂದೊಂದು ಪಾದವೂ ಇಪ್ಪತ್ತೊಂದು ಸಾವಿರ ಬಾರಿ ನೆಲವನ್ನು ಮುಟ್ಟುತ್ತದೆ. ಹನಿ ಹನಿಯಾಗಿ ಬೀಳುವ ನೀರು ಕಲ್ಲನ್ನು ತಗ್ಗಾಗಿಸುವಂತೆ, ಅರಿವಿಗೆ ಬಾರದಷ್ಟು ಅಲ್ಪವಾದ ತಾಗುವಿಕೆಯು ಸಾವಿರಾರು ಬಾರಿ ನಡೆದಾಗ ಹಾಸಿನ ಸೂಕ್ಷ್ಮ ರಕ್ತನಾಳಗಳು ಒಡೆಯುತ್ತವೆ. ನನ್ನ ಸಹಪಾಠಿಗೆ ಆದುದು ಇದೇ.

ಬೂಟು ಗಿಡ್ಡವಾಗಿರುವುದು ಇದಕ್ಕೆ ಮೊದಲನೆಯ ಕಾರಣ. ಆದರೆ ತೀರ ಸಡಿಲವಾದ ಬೂಟಿನಿಂದಲೂ ಇದೇ ಅಪಾಯವುಂಟು. ಏಕೆಂದರೆ ಅದರಲ್ಲಿ ಪಾದವು ಹಿಂದಕ್ಕೂ ಮುಂದಕ್ಕೂ ಜಾರಾಡುತ್ತಿರುತ್ತದೆ. ಉಗುರನ್ನು ಉದ್ದವಾಗಿ ಬಿಟ್ಟಿದ್ದರೆ ಬೆರಳಿಗಿಂತ ಮೊದಲು ಉಗುರೇ ಬೂಟಿಗೆ ತಾಗಿ, ಸನ್ನೆಗೋಲಿನಂತೆ ವರ್ತಿಸಿ, ತನ್ನ ಹಿಂಭಾಗವನ್ನು ಹಾಸಿನಿಂದ ಎಬ್ಬಿಸುತ್ತದೆ. ಕೆಲವರಿಗೆ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿರುತ್ತದೆ. ಅಂಥವರಲ್ಲಿ ಪೆಟ್ಟು ತಿನ್ನುವುದು ಆ ಎರಡನೆಯ ಬೆರಳು. ದೀರ್ಘಕಾಲ ಓಡಿದಾಗ ಪಾದಗಳು ಕೊಂಚ ಊದಿಕೊಳ್ಳುತ್ತವೆ. ಆದುದರಿಂದ ಬೆಳಗ್ಗೆ ಸರಿಯಾಗಿದ್ದ ಬೂಟು ಓಟದ ಕೊನೆಯಲ್ಲಿ ಬಿಗಿಯಾಗಬಹುದು. ಟೆನ್ನಿಸ್, ಕಾಲ್ಚೆಂಡಾಟ ಮುಂತಾದ ಆಟಗಳಲ್ಲಿ ಓಡುತ್ತ ಓಡುತ್ತ ತಟ್ಟನೆ ನಿಲ್ಲಬೇಕಾಗುವುದರಿಂದ ಆಟಗಾರರ ಉಗುರುಗಳಿಗೂ ಇದೇ ಬಗೆಯ ಪೆಟ್ಟಾಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಇಳಿಜಾರು. ಇಳಿಜಾರಿನಲ್ಲಿ ಓಡುವವನ ಪಾದವನ್ನು ಜಡತ್ವದ ಜೊತೆಗೆ ಭೂಮಿಯ ಗುರುತ್ವವೂ ಬೂಟಿನ ಮುಂಭಾಗಕ್ಕೆ ಎಳೆಯುತ್ತದೆ. ದಕ್ಷಿಣ ಆಫ್ರಿಕದಲ್ಲಿ 1921ರಲ್ಲಿ ಆರಂಭವಾದ ಕಾಮ್ರೇಡ್ಸ್ ಎಂಬ ಸುಪ್ರಸಿದ್ಧ ಓಟವೊಂದಿದೆ. 1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದೂಡಿದ ಪೀಟರ್‌ಮಾರಿಟ್ಸ್‌ಬರ್ಗ್ ನಗರಕ್ಕೂ ಕಡಲ ತೀರದ ಡರ್ಬನ್ ನಗರಕ್ಕೂ ನಡುವೆ ಸುಮಾರು ತೊಂಬತ್ತು ಕಿಲೋಮೀಟರ್ ದೂರ ನಡೆಯುವ ಓಟವದು. ಸಾಮಾನ್ಯವಾಗಿ ಒಂದು ವರ್ಷ ಕಡಲಿನಿಂದ ಮೇಲಕ್ಕೆ, ಮರುವರ್ಷ ಮೇಲಿನಿಂದ ಕಡಲಿಗೆ ಓಡುವುದು ಅಲ್ಲಿಯ ಕ್ರಮ. ಏರುವ ಓಟವೇ ಕಷ್ಟವೆಂದು ನಮಗೆ ತೋರುತ್ತದೆ. ಉಸಿರಿಗೆ ಅದು ಕಷ್ಟವೇ; ಆದರೆ ಕಾಲಿನ ಉಗುರುಗಳಿಗೆ ಇಳಿಯುವ ಓಟವೇ ಹೆಚ್ಚು ಅಪಾಯಕರ. ನಮ್ಮ ಮಲೆನಾಡಿನ ಬೆಟ್ಟಗಳನ್ನು ಹತ್ತಿ ಇಳಿದವರಿಗೂ ಈ ಮಾತಿನ ಸತ್ಯ ಗೊತ್ತಿರುತ್ತದೆ.

ನಾಳಗಳು ಒಡೆದು ಹೊರಬಂದ ರಕ್ತಕ್ಕೆ ಹೋಗಲು ದಾರಿಯಿಲ್ಲ. ತೋಳಿಗೆ ಪೆಟ್ಟು ಬಿದ್ದರೆ ರಕ್ತವು ಸುತ್ತಲಿನ ಮೆತ್ತನೆಯ ಮಾಂಸದಲ್ಲಿ ಹರಡಿಕೊಳ್ಳುತ್ತದೆ. ಇಲ್ಲಿಯಾದರೋ ಅದು ಉಗುರು ಮತ್ತು ಮೂಳೆಗಳ ನಡುವೆ ಸೆರೆಯಾಗಿ ನರಗಳನ್ನು ಒತ್ತುತ್ತದೆ. ನಾಡಿಯ ಮಿಡಿತಕ್ಕೆ ಸರಿಯಾಗಿ ಬೆರಳು ಪಟಪಟನೆ ಸಿಡಿಯುವುದು ಈ ಒತ್ತಡದಿಂದ. ಕಲ್ಲು ಬಿದ್ದಾಗ ಅಥವಾ ಬಾಗಿಲ ಸಂದಿಗೆ ಸಿಕ್ಕಿದಾಗ ರಕ್ತವು ಒಮ್ಮೆಲೇ ಸೇರುವುದರಿಂದ ನೋವು ಅತಿಶಯವಾಗಿರುತ್ತದೆ. ಓಟದಿಂದ ಆಗುವ ಗಾಯದಲ್ಲಿ ರಕ್ತವು ಸ್ವಲ್ಪ ಸ್ವಲ್ಪವಾಗಿ ಸೇರುವುದರಿಂದ ಹಲವು ವೇಳೆ ನೋವೇ ಇರುವುದಿಲ್ಲ. ಸ್ನಾನ ಮಾಡುವಾಗ ಕಾಲನ್ನು ನೋಡಿಕೊಂಡವನಿಗೆ ಉಗುರು ಕಪ್ಪಾಗಿರುವುದು ಆಕಸ್ಮಿಕವಾಗಿ ತಿಳಿಯುತ್ತದೆ. ಹೆಚ್ಚು ರಕ್ತ ಸೇರಿದರೆ ಉಗುರು ಹಾಸಿನಿಂದ ಬೇರ್ಪಟ್ಟು, ಕೆಲವು ವಾರಗಳಲ್ಲಿ ಕಳಚಿ ಬೀಳುತ್ತದೆ.

ಬಿದ್ದ ಉಗುರು ಮತ್ತೆ ಬರುವುದೆ? ಬುಡಕ್ಕೆ ಹಾನಿಯಾಗದಿದ್ದರೆ ಖಂಡಿತವಾಗಿ ಬರುತ್ತದೆ. ಆದರೆ ಅದಕ್ಕೆ ತಾಳ್ಮೆ ಬೇಕು. ಉಗುರಿನ ಬೆಳವಣಿಗೆಯನ್ನು ಅಮೆರಿಕದ ವೈದ್ಯ ವಿಲಿಯಂ ಬೀನ್ ಎಂಬುವರು ತಮ್ಮ ಮೇಲೆಯೇ ಪರೀಕ್ಷಿಸಿ ನೋಡಿದರು. ಅವರು ತಮ್ಮ ಎಡಗೈ ಹೆಬ್ಬೆರಳ ಉಗುರಿನ ಬುಡದಲ್ಲಿ ಒಂದು ಗೀರು ಮಾಡಿ, ಅದು ತುದಿಯನ್ನು ಮುಟ್ಟುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂದು ಗುರುತು ಹಾಕಿಕೊಂಡರು. ಒಂದೆರಡು ತಿಂಗಳಲ್ಲ, ಮೂವತ್ತೈದು ವರ್ಷಗಳ ಕಾಲ ಈ ಕೆಲಸವನ್ನು ಬಿಡದೆ ನಡೆಸಿ, 1980ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಅವರಿಗೆ 32 ವರ್ಷವಾಗಿದ್ದಾಗ ಆ ಉಗುರು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು. 67ನೆಯ ವಯಸ್ಸಿನಲ್ಲಿ ಅದು 0.095 ಮಿಲಿಮೀಟರಿಗೆ ಇಳಿದಿತ್ತು. ವೆಚ್ಚವಿಲ್ಲದ, ಯಂತ್ರವಿಲ್ಲದ ಈ ಪ್ರಯೋಗಕ್ಕೆ ಬೇಕಾದದ್ದು ಶ್ರದ್ಧೆಯೊಂದೇ.

ಕಾಲಿನ ಉಗುರು ಕೈಯ ಉಗುರಿಗಿಂತ ನಿಧಾನವಾಗಿ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿಯಾಗಿ ಹೊಸದಾಗಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ನನ್ನ ಸಹಪಾಠಿಯ ಉಗುರು ಒಂದು ದೀಪಾವಳಿಯ ಹೊತ್ತಿಗೆ ಕಳಚಿ ಬಿದ್ದಿತು. ಮರುವರ್ಷದ ದೀಪಾವಳಿಗೂ ಅದು ಪೂರ್ತಿ ಬೆಳೆದಿರಲಿಲ್ಲ.

ಹೀಗೆ ನಿಧಾನವಾಗಿ ಮುಂದಕ್ಕೆ ಸಾಗುವ ಉಗುರು ಒಂದು ಪಂಚಾಂಗದಂತೆ. ಅದರ ಕೆಳಗೆ ಹೆಪ್ಪುಗಟ್ಟಿ ಅಂಟಿಕೊಂಡ ರಕ್ತದ ಕಲೆಯೂ ಅದರೊಡನೆ ಮುಂದಕ್ಕೆ ಸಾಗುತ್ತದೆ. ಉಗುರಿನ ಬುಡದ ಬಳಿ ಕಾಣಿಸಿಕೊಂಡ ಕಲೆಯ ಹಿಂದೆ ಇಂದು ಮೂರು ಮಿಲಿಮೀಟರಿನಷ್ಟು ಸ್ವಚ್ಛವಾದ ಉಗುರು ಕಾಣುತ್ತಿದ್ದರೆ, ಪೆಟ್ಟು ಬಿದ್ದು ಸುಮಾರು ಎರಡು ತಿಂಗಳಾಯಿತೆಂದು ಹೇಳಬಹುದು. ಈ ಪಂಚಾಂಗವನ್ನು ಓದಬಲ್ಲವನಿಗೆ ಇನ್ನೊಂದು ದೊಡ್ಡ ಪ್ರಯೋಜನವೂ ಉಂಟು. ಉಗುರಿನ ಕೆಳಗೆ ಕಪ್ಪಾಗಿ ಕಾಣುವುದೆಲ್ಲ ರಕ್ತವಲ್ಲ.

ಜಮೈಕ ದೇಶದ ಜಗತ್ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರಿಗೆ ಕಾಲ್ಚೆಂಡಾಟದಲ್ಲಿ ಬಹಳ ಆಸಕ್ತಿ. ಅವರ ಕಾಲಿನ ಹೆಬ್ಬೆರಳ ಉಗುರಿನಲ್ಲಿ ತೊಂದರೆ ಕಾಣಿಸಿಕೊಂಡಾಗ ಅದು ಆಟದಲ್ಲಿ ಆದ ಗಾಯವೆಂದೇ ಮೊದಲು ಭಾವಿಸಲಾಗಿತ್ತು. ಆದರೆ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂಬುದು 1977ರಲ್ಲಿ ತಿಳಿಯಿತು. ಆ ರೋಗವು ಮುಂದೆ ದೇಹದ ಇತರ ಭಾಗಗಳಿಗೆ ಹರಡಿ, 1981ರ ಮೇ 11ರಂದು, ತಮ್ಮ 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಈ ರೋಗವು ಬಹು ವಿರಳವಾದದ್ದು. ಓಟಗಾರರ ಕಪ್ಪು ಉಗುರುಗಳಲ್ಲಿ ಬಹುತೇಕ ಎಲ್ಲವೂ ಕೇವಲ ರಕ್ತದ ಕಲೆಗಳೇ. ಆದುದರಿಂದ ಯಾರೂ ಹೆದರಬೇಕಾಗಿಲ್ಲ. ಆದರೆ ನೋಡುವುದನ್ನು ಮರೆಯಬಾರದು. ರಕ್ತದ ಕಲೆಯು ತಿಂಗಳು ತಿಂಗಳಿಗೆ ಮುಂದೆ ಸರಿದು, ಅದರ ಹಿಂದೆ ಸ್ವಚ್ಛವಾದ ಉಗುರು ಮೂಡುತ್ತದೆ. ಪೆಟ್ಟು ಬಿದ್ದ ನೆನಪೇ ಇಲ್ಲದೆ ಮೂಡಿದ, ಬುಡದಿಂದ ತುದಿಯವರೆಗೆ ಗೆರೆಯಂತೆ ಇದ್ದು ಮುಂದೆ ಸರಿಯದ, ದಿನದಿನಕ್ಕೆ ಅಗಲವಾಗುವ ಅಥವಾ ಪಕ್ಕದ ಚರ್ಮಕ್ಕೂ ಹರಡುವ ಕಪ್ಪನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೋಯುತ್ತಿಲ್ಲವೆಂದು ಸುಮ್ಮನಿರುವುದು ಸರಿಯಲ್ಲ.

ಓಟಗಾರರನ್ನು ಕಾಡುವ ಇನ್ನೊಂದು ತೊಂದರೆ ಒಳಬೆಳೆದ ಉಗುರು. ಉಗುರನ್ನು ಕತ್ತರಿಸುವಾಗ ಅಂದಕ್ಕಾಗಿ ಮೂಲೆಗಳನ್ನು ಆಳವಾಗಿ ಗುಂಡಗೆ ಕತ್ತರಿಸುವ ಅಭ್ಯಾಸ ಹಲವರಿಗಿದೆ. ಆ ಮೂಲೆಯು ಮತ್ತೆ ಬೆಳೆಯುವಾಗ, ಬಿಗಿಯಾದ ಬೂಟು ಪಕ್ಕದ ಮಾಂಸವನ್ನು ಅದರ ಮೇಲೆ ಒತ್ತುತ್ತಿದ್ದರೆ, ಉಗುರಿನ ಚೂಪಾದ ಅಂಚು ಮಾಂಸದೊಳಕ್ಕೆ ನಾಟಿಕೊಳ್ಳುತ್ತದೆ. ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ. ಕ್ರಿಮಿಗಳು ಒಳಹೊಕ್ಕರೆ ಕೀವು ತುಂಬುತ್ತದೆ. ಉಗುರಿನ ಸುತ್ತಲಿನ ಚರ್ಮದಲ್ಲಿ ಹೀಗೆ ಕೀವಾಗುವುದನ್ನು ನಮ್ಮ ಜನರು ಉಗುರುಸುತ್ತು ಎಂದು ಕರೆಯುತ್ತಾರೆ. ಉಗುರುಸುತ್ತಾದ ಬೆರಳಿಗೆ ನಿಂಬೆಹಣ್ಣನ್ನು ಟೋಪಿಯಂತೆ ತೊಡಿಸುವುದು ಅನೇಕ ಮನೆಗಳಲ್ಲಿ ರೂಢಿ. ಆದರೆ ಕೀವು ಕಟ್ಟಿದ ಮೇಲೆ ಅದನ್ನು ಸುರಕ್ಷಿತವಾಗಿ ಹೊರಕ್ಕೆ ಬಿಡಿಸಬಲ್ಲವರು ವೈದ್ಯರು. ಅದು ನಿಂಬೆಹಣ್ಣಿನಿಂದ ಆಗುವ ಕೆಲಸವಲ್ಲ.

ಉಗುರಿಗೆ ಪೆಟ್ಟಾದಾಗ ಮಾಡಬೇಕಾದುದೇನು? ಮೊದಲು ಓಟವನ್ನು ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಬೆರಳಿನ ಮೇಲಿಡಬೇಕು. ಮಂಜುಗಡ್ಡೆ ದೊರೆಯದಿದ್ದರೆ ತಣ್ಣೀರಿನಲ್ಲಿ ನೆನೆಸಿದ ಬಟ್ಟೆಯಾದರೂ ಆಗಬಹುದು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ವಿಶ್ರಮಿಸಿದರೆ ಊತವೂ ಸಿಡಿತವೂ ಕಡಮೆಯಾಗುತ್ತವೆ. ಗಾಯವಿದ್ದರೆ ಸಾಬೂನು ಮತ್ತು ಶುದ್ಧವಾದ ನೀರಿನಿಂದ ತೊಳೆದು ಸ್ವಚ್ಛವಾದ ಬಟ್ಟೆಯ ಪಟ್ಟಿಯನ್ನು ಕಟ್ಟಬೇಕು. ಸಡಿಲವಾದ ಉಗುರನ್ನು ಎಂದಿಗೂ ಕಿತ್ತೆಸೆಯಬಾರದು. ಕೆಳಗಿನ ಹಸಿ ಹಾಸಿಗೆ ಅದೇ ಒಂದು ಹೊದಿಕೆ. ಹೊಸ ಉಗುರು ಬರುವವರೆಗೆ ಅದು ಇದ್ದಷ್ಟು ದಿನವೂ ಲಾಭವೇ. ಬಟ್ಟೆಗೆ ಸಿಕ್ಕುವಂಥ ತುಣುಕುಗಳನ್ನು ಮಾತ್ರ ಕತ್ತರಿಸಿ ತೆಗೆಯಬಹುದು.

ರಕ್ತ ಕಟ್ಟಿ ನೋವು ಅಸಹನೀಯವಾಗಿದ್ದರೆ ವೈದ್ಯರು ಉಗುರಿನಲ್ಲಿ ಒಂದು ಸಣ್ಣ ರಂಧ್ರವನ್ನು ಮಾಡಿ ರಕ್ತವನ್ನು ಹೊರಬಿಡುತ್ತಾರೆ. ಒತ್ತಡ ಕಳೆದೊಡನೆ ನೋವು ಬಹುಮಟ್ಟಿಗೆ ಶಮನವಾಗುತ್ತದೆ. ಇದನ್ನು ಕೇಳಿ ಮನೆಯಲ್ಲಿಯೇ ಸೂಜಿಯನ್ನು ಕಾಯಿಸಿ ಚುಚ್ಚಿಕೊಳ್ಳುವ ಸಾಹಸಿಗಳುಂಟು. ಹಾಗೆ ಮಾಡುವುದು ಸರ್ವಥಾ ಸಲ್ಲದು. ಸೂಜಿಯೊಡನೆ ಕ್ರಿಮಿಗಳು ಒಳಹೊಕ್ಕರೆ ಕೆಳಗಿರುವ ಮೂಳೆಗೇ ಅಪಾಯ. ಬೆಳೆಯುವ ವಯಸ್ಸಿನವರು ಇನ್ನೊಂದು ವಿಷಯವನ್ನು ವಿಶೇಷವಾಗಿ ಅರಿತಿರಬೇಕು. ನಿಮ್ಮ ಬೆರಳಿನ ಮೂಳೆ ಇನ್ನೂ ಬೆಳೆಯುತ್ತಿದೆ. ಅದು ಬೆಳೆಯುವ ಸ್ಥಾನವು ಉಗುರಿನ ಬುಡಕ್ಕೆ ಅತ್ಯಂತ ಸಮೀಪದಲ್ಲಿದೆ. ಎಡವಿದಾಗ ಉಗುರಿನ ಬುಡದಿಂದ ರಕ್ತ ಬಂದರೆ ಒಳಗೆ ಮೂಳೆಯೂ ಮುರಿದಿರಬಹುದು. ಅಂಥ ಗಾಯವನ್ನು ಬರಿಯ ಉಗುರಿನ ಗಾಯವೆಂದು ಕಡೆಗಣಿಸದೆ ಆಸ್ಪತ್ರೆಗೆ ಹೋಗಬೇಕು. ಮಣ್ಣಿನಲ್ಲಿ ಆದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಬೇಕೆ ಎಂಬುದನ್ನು ಅಲ್ಲಿ ಕೇಳಿ ತಿಳಿಯಬೇಕು. ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಕಾಯುತ್ತ ಕೂಡಬಾರದು. ಮನೆಯಲ್ಲಿ ಮಧುಮೇಹವಿರುವ ಹಿರಿಯರಿದ್ದರೆ ಅವರ ಕಾಲ್ಬೆರಳುಗಳ ಬಗ್ಗೆ ಇಮ್ಮಡಿ ಎಚ್ಚರ ಬೇಕು. ಆ ರೋಗದಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದರಿಂದ ಗಾಯವಾದದ್ದು ಅವರಿಗೆ ತಿಳಿಯದೆಯೇ ಹೋಗಬಹುದು. ಗಾಯ ಮಾಯುವುದೂ ತಡ.

ಬೂಟೇ ಈ ತೊಂದರೆಗಳಿಗೆಲ್ಲ ಮೂಲವಾದರೆ ಬರಿಗಾಲಿನಲ್ಲಿ ಓಡುವುದೇ ಲೇಸಲ್ಲವೆ ಎಂದು ನೀವು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. 1960ರ ಸೆಪ್ಟೆಂಬರ್ 10ರಂದು ರೋಮ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿಯೇ ಓಡಿ ಗೆದ್ದರು. ಅವರು ತೆಗೆದುಕೊಂಡ ಕಾಲ 2 ಗಂಟೆ 15 ನಿಮಿಷ 16 ಸೆಕೆಂಡು. ಬರಿಗಾಲಿನಲ್ಲಿ ಓಡಿ ಅಭ್ಯಾಸವಾಗಿದ್ದ ಅವರಿಗೆ ಹೊಂದದ ಬೂಟಿಗಿಂತ ಬರಿಗಾಲೇ ಮೇಲೆನಿಸಿತು. ನಾಲ್ಕು ವರ್ಷಗಳ ಬಳಿಕ, 1964ರಲ್ಲಿ, ಟೋಕಿಯೋ ನಗರದಲ್ಲಿ ಅವರೇ ಬೂಟು ತೊಟ್ಟು ಓಡಿ, 2 ಗಂಟೆ 12 ನಿಮಿಷ 11 ಸೆಕೆಂಡುಗಳಲ್ಲಿ ಮತ್ತೆ ಗೆದ್ದರು. ನಮ್ಮ ದೇಶದ ಶಿವನಾಥ ಸಿಂಗ್ ಸಹ ಬರಿಗಾಲ ಓಟಕ್ಕೆ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಅವರು ಹನ್ನೊಂದನೆಯವರಾದರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಅವರು ಸ್ಥಾಪಿಸಿದ ರಾಷ್ಟ್ರೀಯ ದಾಖಲೆಯು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು.

ಬರಿಗಾಲಿಗೆ ಬೂಟಿನ ಗೋಡೆಯ ಭಯವಿಲ್ಲ ನಿಜ. ಆದರೆ ಕಲ್ಲು, ಮುಳ್ಳು, ಗಾಜಿನ ಚೂರು, ಕಾದ ಡಾಂಬರು ಇವುಗಳ ಭಯ ಉಂಟು. ಎಡವಿದರೆ ಉಗುರು ಹಾರಿಹೋಗುವ ಭಯವೂ ಉಂಟು. ಬಿಕಿಲರು ಎರಡೂ ಬಗೆಯಲ್ಲಿ ಗೆದ್ದುದನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮುಖ್ಯವಾದದ್ದು ಬೂಟು ಇರುವುದೋ ಇಲ್ಲದಿರುವುದೋ ಅಲ್ಲ; ತೊಟ್ಟ ಬೂಟು ಪಾದಕ್ಕೆ ಹೊಂದಿರಬೇಕು. ಬೂಟಿಗೆ ಹೊಂದಿಕೊಳ್ಳುವಂತೆ ಪಾದವನ್ನು ಬಲವಂತಪಡಿಸಬಾರದು.

ಹೊಂದುವ ಬೂಟನ್ನು ಆರಿಸುವುದಕ್ಕೆ ಒಂದು ಸುಲಭವಾದ ಉಪಾಯವಿದೆ. ಸಂಜೆಯ ಹೊತ್ತು, ಪಾದಗಳು ಸ್ವಲ್ಪ ಊದಿಕೊಂಡಿರುವಾಗ, ಒಂದು ಕಾಗದದ ಮೇಲೆ ಎರಡೂ ಕಾಲುಗಳನ್ನು ಊರಿ ನಿಂತು ಅವುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿಸಿಕೊಳ್ಳಿ. ಎಷ್ಟೋ ಮಂದಿಗೆ ಒಂದು ಪಾದವು ಇನ್ನೊಂದಕ್ಕಿಂತ ಕೊಂಚ ದೊಡ್ಡದಾಗಿರುವುದು ಆಗ ತಿಳಿಯುತ್ತದೆ. ಆ ದೊಡ್ಡ ಪಾದದ ಆಕಾರವನ್ನು ಕತ್ತರಿಸಿಟ್ಟುಕೊಂಡು ಬೂಟಿನ ತಳದೊಡನೆ ಹೋಲಿಸಿ ನೋಡಿ. ಕಾಗದವು ಬೂಟಿನಿಂದ ಹೊರಕ್ಕೆ ಚಾಚಿದರೆ ಆ ಬೂಟು ನಿಮ್ಮದಲ್ಲ. ತೊಟ್ಟು ನಿಂತಾಗ ಅತಿ ಉದ್ದವಾದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಸ್ಥಳ ಉಳಿದಿರಬೇಕು. ಹಿಮ್ಮಡಿ ಜಾರದಂತೆ ಲಾಡಿಯನ್ನು ಪಾದದ ಮೇಲ್ಭಾಗದಲ್ಲಿ ಭದ್ರವಾಗಿ ಕಟ್ಟಬೇಕು. ಇಳಿಜಾರಿನಲ್ಲಿ ಓಡುವಾಗ ಇದು ಅತ್ಯಗತ್ಯ. ನಿಮ್ಮ ವಯಸ್ಸಿನಲ್ಲಿ ಪಾದಗಳು ಬೇಗ ಬೆಳೆಯುತ್ತವೆ. ಹೋದ ವರ್ಷದ ಬೂಟು ಈ ವರ್ಷಕ್ಕೆ ಹೊಂದುವುದೆಂದು ನಂಬದೆ ಆಗಾಗ ಪರೀಕ್ಷಿಸಬೇಕು. ಕಾಲುಚೀಲಗಳು ಒಣಗಿ, ಸುಕ್ಕಿಲ್ಲದೆ ಇರಬೇಕು; ಬೆವರಿನಿಂದ ಒದ್ದೆಯಾದ ಬೂಟುಗಳನ್ನು ಗಾಳಿಗೆ ಒಣಗಿಸಬೇಕು. ಇಲ್ಲದಿದ್ದರೆ ಬೂಷ್ಟಿನ ಜಾತಿಗೆ ಸೇರಿದ ಸೂಕ್ಷ್ಮಜೀವಿಗಳು ಪೆಟ್ಟು ತಿಂದ ಉಗುರಿನಲ್ಲಿ ನೆಲೆಸುತ್ತವೆ.

ಇನ್ನು ಉಗುರನ್ನು ಕತ್ತರಿಸುವ ಕ್ರಮ. ಅದನ್ನು ಅಡ್ಡಲಾಗಿ ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಒಳಕ್ಕೆ ಕೊರೆಯಬಾರದು. ಬೆರಳ ತುದಿಗಿಂತ ಮುಂದೆ ಚಾಚುವಷ್ಟು ಉದ್ದ ಬಿಡಬಾರದು. ಮಾಂಸ ಕಾಣುವಷ್ಟು ಗಿಡ್ಡ ಮಾಡಲೂಬಾರದು. ಸ್ನಾನವಾದ ಮೇಲೆ ಉಗುರು ಮೆತ್ತಗಿರುವುದರಿಂದ ಆಗ ಕತ್ತರಿಸುವುದು ಸುಲಭ. ಪಂದ್ಯದ ಹಿಂದಿನ ದಿನ ಅವಸರದಲ್ಲಿ ಕತ್ತರಿಸಿ ಗಾಯ ಮಾಡಿಕೊಳ್ಳುವುದಕ್ಕಿಂತ ಕೆಲವು ದಿನ ಮುಂಚೆ ಈ ಕೆಲಸವನ್ನು ಮುಗಿಸುವುದು ಮೇಲು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮಲ್ಲಿದೆ. ವಾರಕ್ಕೆ ಐದು ನಿಮಿಷ ಕಾಲಿನ ಕಡೆ ನೋಡಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬೇಕಾದ ಎಷ್ಟೋ ತೊಂದರೆಗಳು ಅಲ್ಲಿಗೇ ನಿಲ್ಲುತ್ತವೆ.

ದೂರದ ಓಟಗಾರರಲ್ಲಿ ಕೆಲವರು ತಮ್ಮ ಕಪ್ಪು ಉಗುರುಗಳನ್ನು ಪದಕಗಳಂತೆ ಹೆಮ್ಮೆಯಿಂದ ತೋರಿಸುವುದುಂಟು. ಇನ್ನು ಕೆಲವರು ನನ್ನ ಸಹಪಾಠಿಯಂತೆ ಅವನ್ನು ಸಂಕೋಚದಿಂದ ಮುಚ್ಚಿಡುತ್ತಾರೆ. ಈ ಹೆಮ್ಮೆಯೂ ಸಲ್ಲದು, ಆ ಸಂಕೋಚವೂ ಸಲ್ಲದು. ಕಪ್ಪಾದ ಉಗುರು ಬೂಟು, ದಾರಿ ಅಥವಾ ಅಭ್ಯಾಸಕ್ರಮದಲ್ಲಿ ಏನೋ ದೋಷವಿದೆಯೆಂದು ಹೇಳುವ ಸಾಕ್ಷಿ. ಸಾಕ್ಷಿಯ ಮಾತನ್ನು ಕೇಳಿ ದೋಷವನ್ನು ಸರಿಪಡಿಸಿಕೊಂಡವನು ಮತ್ತೆ ಓಡುತ್ತಾನೆ.

ನನ್ನ ಸಹಪಾಠಿಯ ಉಗುರು ಕೊನೆಗೂ ಬೆಳೆದು ಬಂದಿತು. ಅಷ್ಟರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಅವನು ಊರಿಗೆ ಹೋಗಿ ಬೇಸಾಯಕ್ಕೆ ನಿಂತ. ಜಿಲ್ಲಾ ಮಟ್ಟದ ಆ ಓಟವನ್ನು ಪೂರೈಸುವ ಅವಕಾಶ ಅವನಿಗೆ ಮತ್ತೆ ಒದಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನನ್ನು ಪೇಟೆಯ ಬೂಟಿನ ಅಂಗಡಿಯೊಂದರಲ್ಲಿ ಕಂಡೆ. ಶಾಲೆಯ ಓಟದ ತಂಡಕ್ಕೆ ಆಯ್ಕೆಯಾಗಿದ್ದ ಮಗಳಿಗೆ ಬೂಟು ಕೊಳ್ಳಲು ಬಂದಿದ್ದ. ಅಂಗಡಿಯವನು ಒಂದು ಜೊತೆಯನ್ನು ಮುಂದಿಟ್ಟು, ತೊಡುತ್ತ ತೊಡುತ್ತ ಸರಿಹೋಗುತ್ತದೆ ಎಂದ. ಅವನು ಮಾತನಾಡದೆ ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಚ್ಚಿ ಬೂಟಿನ ಮೇಲಿಟ್ಟ. ಪಾದದ ಆಕಾರಕ್ಕೆ ಕತ್ತರಿಸಿದ ಆ ಕಾಗದದ ತುದಿ ಬೂಟಿನ ಅಂಚಿನವರೆಗೂ ಬಂದಿತ್ತು. ಆ ಜೊತೆಯನ್ನು ಹಿಂದಕ್ಕೆ ಸರಿಸಿ, ಇದಕ್ಕಿಂತ ಒಂದು ಅಳತೆ ದೊಡ್ಡದನ್ನು ತೋರಿಸಿ ಎಂದು ಅವನು ಅಂಗಡಿಯವನನ್ನು ಕೇಳಿದ.